ತಮ್ಮನಿಗೆ ಸ್ವರ ಕೇಳುವುದು ನಿಂತಿದೆ, ಆದರೆ ಅವನು ಮೊದಲಿನ ಹಾಗೆ ಆಗಿಲ್ಲ. ಯಾಕೆ?

ಬದಿಯಡ್ಕದ ಅಕ್ಕ

ಎಲ್ಲರಿಗೂ ನಮಸ್ಕಾರ. ತಮ್ಮನ ವಿಷಯ ಕೇಳಬೇಕಿತ್ತು. ಇಪ್ಪತ್ತರ ಹರೆಯದ ಹುಡುಗ. ಕಳೆದ ವರ್ಷ ಮಂಗಳೂರಿನಲ್ಲಿ ತೋರಿಸಿದೆವು, ಸ್ಕಿಜೋಫ್ರೇನಿಯಾ ಎಂದರು. ಅವನಿಗೆ ಯಾರೋ ಬೈಯುವ ಸ್ವರ ಕೇಳುತ್ತಿತ್ತು. ತನ್ನ ಯೋಚನೆಯೆಲ್ಲ ಮೊಬೈಲ್ ಟವರಿನಿಂದ ಊರಿನವರಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದ. ಮಾತ್ರೆ ಶುರುವಾದ ಮೇಲೆ ಸ್ವರ ನಿಂತಿತು. ರಾತ್ರಿ ನಿದ್ದೆ ಮಾಡುತ್ತಾನೆ. ಅಷ್ಟಕ್ಕೆ ದೇವರಿಗೆ ಕೈಮುಗಿದೆವು.

ಆದರೆ ಈಗ ಇಡೀ ದಿನ ಮಂಚದಲ್ಲೇ ಇರುತ್ತಾನೆ. ಸ್ನಾನ ಮಾಡು ಎಂದು ಹೇಳಬೇಕು. ಕೇಳಿದ್ದಕ್ಕೆ ಒಂದೇ ಶಬ್ದದ ಉತ್ತರ. ಮೊದಲು ವಾಲಿಬಾಲ್ ಎಂದರೆ ಜೀವ, ಈಗ ಸ್ನೇಹಿತರು ಬಂದರೂ ಎದ್ದು ಬರುವುದಿಲ್ಲ. ಮುಖದಲ್ಲಿ ಸಂತೋಷವೂ ಇಲ್ಲ, ದುಃಖವೂ ಇಲ್ಲ.

ಅಪ್ಪ ಇದನ್ನು ಉದಾಸೀನ ಎನ್ನುತ್ತಾರೆ. ಅಮ್ಮ ಮಾತ್ರೆಯಿಂದಲೇ ಹೀಗಾದದ್ದು, ನಿಲ್ಲಿಸುವ ಎನ್ನುತ್ತಾರೆ. ದೊಡ್ಡಪ್ಪನಿಗೆ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಬೇಕಂತೆ. ಡಾಕ್ಟರು ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಜಾಸ್ತಿಯಾಗಿದೆ ಎಂದಿದ್ದರು. ಹಾಗಾದರೆ ಮಾತ್ರೆ ಅದನ್ನು ಸರಿಮಾಡಿದ ಮೇಲೆ ಹುಡುಗ ಪೂರ್ತಿ ಸರಿಯಾಗಬೇಕಿತ್ತು, ಅಲ್ವಾ? ಸ್ವರ ಹೋಯಿತು, ತಮ್ಮ ಮಾತ್ರ ವಾಪಸು ಬರಲಿಲ್ಲ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ನೀರ್ಚಾಲಿನ ಮಾಷ್ಟ್ರು

ಅಕ್ಕ, ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವ, ಡಾಕ್ಟರಲ್ಲ. ಆದರೆ ನಮ್ಮ ಕುಟುಂಬದಲ್ಲೂ ಈ ಕಾಯಿಲೆ ಇದೆ. ಹಾಗಾಗಿ ಬಹಳ ಓದಿದ್ದೇನೆ. ಡಾಕ್ಟರು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ. ಡೋಪಮೈನ್ ಜಾಸ್ತಿ ಎಂದರೆ ಮೆದುಳಿನ ಯಾವ ಜಾಗದಲ್ಲಿ ಜಾಸ್ತಿ ಎಂದು ಕೇಳಬೇಕು.

ಮೆದುಳಿನ ಆಳದಲ್ಲಿ ಸ್ಟ್ರಯಾಟಮ್ ಎಂಬ ಭಾಗ ಇದೆ. ಮೆದುಳಿನ ರಾಸಾಯನಿಕಗಳ ಕೆಲಸವನ್ನು ತೋರಿಸುವ ಪೆಟ್ ಸ್ಕ್ಯಾನ್ ಮಾಡಿದವರು ಕಂಡದ್ದು ಏನೆಂದರೆ, ಕಾಯಿಲೆ ಜೋರಾಗಿದ್ದಾಗ ಅಲ್ಲಿ ಡೋಪಮೈನ್ ತಯಾರಾಗುವುದೂ ಬಿಡುಗಡೆಯಾಗುವುದೂ ಹೆಚ್ಚು. ಅಲ್ಲಿ ಡೋಪಮೈನ್ ಮಾಡುವ ಕೆಲಸ ಸರಳ. "ಇದು ಮುಖ್ಯ, ಇದನ್ನು ಗಮನಿಸು" ಎಂದು ಸೂಚನೆ ಕೊಡುವುದು. ತೋಟದ ಮನೆಯ ನಾಯಿ ಹೊರಗಿನವರು ಬಂದಾಗ ಬೊಗಳುತ್ತದಲ್ಲ, ಹಾಗೆ. ಆ ನಾಯಿ ಒಣ ಎಲೆ ಬಿದ್ದರೂ, ಸೋಗೆ ಜಾರಿದರೂ ರಾತ್ರಿಯಿಡೀ ಬೊಗಳಿದರೆ ಯಜಮಾನ ಏನು ಮಾಡುತ್ತಾನೆ? ಯಾರೋ ಖಂಡಿತ ಇದ್ದಾರೆ ಎಂದು ಟಾರ್ಚು ಹಿಡಿದು ಹುಡುಕುತ್ತಾನೆ. ಯಾರೂ ಕಾಣದಿದ್ದರೆ, ಅಡಗಿ ಕೂತಿದ್ದಾರೆ ಎಂದುಕೊಳ್ಳುತ್ತಾನೆ. ನಿಮ್ಮ ತಮ್ಮನಿಗೆ ಆದದ್ದು ಅದೇ. ಟವರು, ಬಸ್ಸಿನಲ್ಲಿ ಯಾರೋ ಕೆಮ್ಮಿದ್ದು, ಟಿವಿಯಲ್ಲಿ ಬಂದ ಒಂದು ಮಾತು, ಎಲ್ಲವೂ ತನಗೇ ಸಂಬಂಧಪಟ್ಟದ್ದು ಎಂದು ಒಳಗಿನಿಂದ ಬಲವಾಗಿ ಅನಿಸುತ್ತದೆ. ಆ ಅನಿಸಿಕೆಗೆ ಒಂದು ಕಾರಣ ಬೇಕಲ್ಲ? ಬುದ್ಧಿ ಅದನ್ನು ಹುಡುಕಿ ಕಥೆ ಕಟ್ಟುತ್ತದೆ. ನಾವು ಅದನ್ನು ಭ್ರಮೆ ಎನ್ನುತ್ತೇವೆ. ಶಿತಿಜ್ ಕಪೂರ್ ಎಂಬ ಮನೋವೈದ್ಯರು 2003ರಲ್ಲಿ ಈ ವಿವರಣೆಯನ್ನು ಸ್ಪಷ್ಟವಾಗಿ ಮುಂದಿಟ್ಟರು. ನನಗೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ.

ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಮಾತ್ರೆ ನಾಯಿಯನ್ನು ಸುಮ್ಮನಾಗಿಸುತ್ತದೆ. ಯಜಮಾನ ಆಗಲೇ ಕಟ್ಟಿಕೊಂಡ ಕಥೆಯನ್ನು ಅದು ಅಳಿಸುವುದಿಲ್ಲ. ಅದು ನಿಧಾನಕ್ಕೆ ತಾನೇ ಸಡಿಲವಾಗಬೇಕು. ಹಾಗಾಗಿ "ಟವರಿನಿಂದ ಯಾರಿಗೂ ಗೊತ್ತಾಗುವುದಿಲ್ಲ ಮಾರಾಯ" ಎಂದು ವಾದ ಮಾಡಿ ಪ್ರಯೋಜನ ಇಲ್ಲ.

ಈ ಔಷಧಿಗಳ ಚರಿತ್ರೆಯಲ್ಲಿ ನಮ್ಮ ಗುಡ್ಡೆಯ ಗಿಡವೂ ಇದೆ, ಅದನ್ನು ಹೇಳದೆ ಇರಲಾರೆ. ಸರ್ಪಗಂಧದ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಕೆಲಸ ಮಾಡುತ್ತದೆ ಎಂದು 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದರು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದೇ ವರ್ಷ ಪ್ಯಾರಿಸಿನಲ್ಲಿ ರೋಗಿಗಳಿಗೆ ಕ್ಲೋರ್‌ಪ್ರೊಮಜೈನ್ ಎಂಬ ಮದ್ದು ಕೊಟ್ಟು ನೋಡಿದರು, ಕೆಲಸ ಮಾಡಿತು. ಯಾಕೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕೆಲವು ವರ್ಷ ಕಳೆದು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಡೋಪಮೈನ್ ಖಾಲಿಯಾಗಿ ಮೊಲಗಳು ಅಲ್ಲಾಡದೆ ಕೂತವು. ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟಾಗ ಎದ್ದು ಓಡಾಡಿದವು. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಬಂತು. 1970ರ ದಶಕದಲ್ಲಿ ಟೊರಾಂಟೊದ ಫಿಲಿಪ್ ಸೀಮನ್, ಈ ಮಾತ್ರೆಗಳೆಲ್ಲ ಡೋಪಮೈನಿನ ಡಿ2 ಎಂಬ ಗ್ರಾಹಕಕ್ಕೆ (ಕೋಶದ ಮೇಲೆ ಡೋಪಮೈನ್ ಬಂದು ಕೂರುವ ಜಾಗ) ಅಂಟಿಕೊಳ್ಳುತ್ತವೆ, ಎಷ್ಟು ಬಿಗಿಯಾಗಿ ಅಂಟುತ್ತವೋ ಅಷ್ಟು ಕಡಿಮೆ ಡೋಸು ಸಾಕು ಎಂದು ತೋರಿಸಿದರು. ಗಿಡ ಇದೆ ಎಂದು ಯಾರೂ ಬೇರು ಅರೆದು ಕೊಡಬೇಡಿ. ರಕ್ತದೊತ್ತಡ ಕುಸಿಯುತ್ತದೆ, ಮನಸ್ಸಿಗೆ ಖಿನ್ನತೆ ಹಿಡಿಯಬಹುದು.

ತಮ್ಮ ಯಾಕೆ ವಾಪಸು ಬಂದಿಲ್ಲ ಎಂಬುದು ಮೆದುಳಿನ ಬೇರೆ ಜಾಗದ ಕಥೆ. ರಾತ್ರಿ ಬರೆಯುತ್ತೇನೆ.

ಮುಳ್ಳೇರಿಯದವ

ನಮ್ಮ ಸಂಬಂಧಿಕ ಹುಡುಗನಿಗೆ ಎಂಆರ್‌ಐ ಮಾಡಿಸಿದೆವು. ಎಲ್ಲ ನಾರ್ಮಲ್ ಎಂದು ಬಂತು. ಹಾಗಾದರೆ ಅವನದ್ದು ಮೆದುಳಿನ ಕಾಯಿಲೆ ಅಲ್ಲ ಎಂದಾಗುವುದಿಲ್ಲವಾ?

ಕುಂಬ್ಳೆ ಸಿಸ್ಟರ್

ಮುಳ್ಳೇರಿಯದವರೇ, ಇದನ್ನು ವಾರ್ಡಿನಲ್ಲಿ ತುಂಬಾ ಜನ ಕೇಳುತ್ತಾರೆ. ಆ ಸ್ಕ್ಯಾನ್ ಮಾಡಿಸುವುದು ಗೆಡ್ಡೆ, ಸೋಂಕು, ಪೆಟ್ಟು ಇಂಥವು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲಿಕ್ಕೆ. ಸ್ಕಿಜೋಫ್ರೇನಿಯಾ ಇರುವ ನೂರಾರು ಜನರ ಸ್ಕ್ಯಾನ್ ಒಟ್ಟು ಮಾಡಿ ಸರಾಸರಿ ತೆಗೆದರೆ, ಮೆದುಳಿನ ಒಳಗಿನ ದ್ರವದ ಕೋಣೆಗಳು ಸ್ವಲ್ಪ ದೊಡ್ಡದಾಗಿರುವುದು ಕಾಣುತ್ತದೆ. 1976ರಲ್ಲೇ ಇದನ್ನು ಲಂಡನ್ನಿನಲ್ಲಿ ಸಿಟಿ ಸ್ಕ್ಯಾನಿನಿಂದ ತೋರಿಸಿದರು. ಆದರೆ ಒಬ್ಬೊಬ್ಬರ ಸ್ಕ್ಯಾನ್ ನೋಡಿ ಕಾಯಿಲೆ ಇದೆ, ಇಲ್ಲ ಎಂದು ಹೇಳಲಿಕ್ಕೆ ಆಗುವುದಿಲ್ಲ. ಆರೋಗ್ಯವಂತರಲ್ಲೂ ಅಷ್ಟು ವ್ಯತ್ಯಾಸ ಇರುತ್ತದೆ. ಈ ಕಾಯಿಲೆಯನ್ನು ಗುರುತಿಸುವುದು ಮಾತಾಡಿಸಿ, ಗಮನಿಸಿ, ಮನೆಯವರನ್ನು ಕೇಳಿ.

ಬದಿಯಡ್ಕದ ಅಕ್ಕ, ನಾನು ಮನೋರೋಗ ವಿಭಾಗದಲ್ಲಿ ನರ್ಸ್. ನೀವು ಬರೆದದ್ದನ್ನು ನಾವು ನೆಗೆಟಿವ್ ಲಕ್ಷಣ ಎನ್ನುತ್ತೇವೆ. ಸ್ವರ, ಭ್ರಮೆ ಇವೆಲ್ಲ ಇರಬಾರದ್ದು ಬಂದು ಸೇರಿದ್ದು. ನೀವು ಬರೆದವು ಇರಬೇಕಾದ್ದು ಕಡಿಮೆಯಾದದ್ದು. ಮಾತು, ಮುಖಭಾವ, ಹುರುಪು, ಜನರ ಜೊತೆ ಬೆರೆಯುವ ಆಸೆ. ಮೂರನೆಯ ಗುಂಪೂ ಇದೆ: ಗಮನ, ನೆನಪು, ಒಂದು ಕೆಲಸವನ್ನು ಹಂತ ಹಂತವಾಗಿ ಯೋಜಿಸುವುದು. ಎಷ್ಟೋ ಮಕ್ಕಳಲ್ಲಿ ಸ್ವರ ಕೇಳುವುದಕ್ಕೆ ಕೆಲವು ವರ್ಷ ಮೊದಲೇ ಕ್ಲಾಸಿನಲ್ಲಿ ಮಾರ್ಕು ಇಳಿದಿರುತ್ತದೆ, ಸ್ನೇಹಿತರು ದೂರ ಆಗಿರುತ್ತಾರೆ. ನಿಮ್ಮ ತಮ್ಮನ ಹಿಂದಿನ ದಿನಗಳನ್ನು ನೆನಪು ಮಾಡಿ ನೋಡಿ. ಮಾತ್ರೆ ಶುರುವಾಗುವ ಮೊದಲೇ ಇವು ಇದ್ದವಾ? ಇದ್ದರೆ ಅಮ್ಮನಿಗೆ ಅದೇ ಉತ್ತರ.

ಉದಾಸೀನ ಎಂಬ ಮಾತು ನನಗೆ ತುಂಬಾ ನೋವು ಕೊಡುತ್ತದೆ. ಸಂಶೋಧನೆಯಲ್ಲಿ ಸ್ಪಷ್ಟವಾಗಿ ಕಂಡ ಒಂದು ವಿಷಯ ಹೇಳುತ್ತೇನೆ. ಈ ಕಾಯಿಲೆ ಇರುವವರಿಗೆ ಸುಖ ಅನುಭವಿಸುವ ಶಕ್ತಿ ಅಷ್ಟೇನೂ ಹೋಗಿರುವುದಿಲ್ಲ. ಬಿಸಿ ಬಿಸಿ ನೀರುದೋಸೆ ಎದುರಿಗೆ ಇಟ್ಟರೆ ತಿಂದು ಖುಷಿಪಡುತ್ತಾರೆ. ಹೋಗಿರುವುದು ಮುಂದೆ ಬರುವ ಸುಖವನ್ನು ಈಗಲೇ ಎಣಿಸಿಕೊಳ್ಳುವ ಶಕ್ತಿ. ಮೈದಾನಕ್ಕೆ ಹೋದರೆ ಖುಷಿ ಸಿಗುತ್ತದೆ ಎಂಬ ಎಣಿಕೆಯೇ ನಮ್ಮನ್ನು ಮಂಚದಿಂದ ಎಬ್ಬಿಸುವುದು. ಪ್ರತಿಫಲ ಬರಲಿದೆ ಎಂಬ ಸೂಚನೆ ಕಂಡಾಗ ನಮ್ಮೆಲ್ಲರ ಸ್ಟ್ರಯಾಟಮಿನ ಕೆಳಭಾಗ ಚುರುಕಾಗುತ್ತದೆ. ಇವರಲ್ಲಿ ಅದು ಮಂಕಾಗಿರುತ್ತದೆ. ಹಾಗಾಗಿ ವಾಲಿಬಾಲ್ ಇಷ್ಟ ಇಲ್ಲ ಎಂದಲ್ಲ. ಅಲ್ಲಿಗೆ ಹೋಗುವ ಎಳೆತ ಹುಟ್ಟುವುದಿಲ್ಲ. ಕೈಹಿಡಿದು ಕರೆದುಕೊಂಡು ಹೋದರೆ ಆಡಬಹುದು, ನಗಲೂಬಹುದು. ಮಾರನೇ ದಿನ ಪುನಃ ಕರೆದುಕೊಂಡು ಹೋಗಬೇಕು. ಅಪ್ಪನಿಗೆ ಇದನ್ನು ಓದಿ ಹೇಳಿ.

ಹಾಗೆಂದು ಎಲ್ಲವನ್ನೂ ಕಾಯಿಲೆಯ ತಲೆಗೆ ಕಟ್ಟಬೇಡಿ. ಇದೇ ತರ ಕಾಣುವ ಬೇರೆ ಕಾರಣಗಳಿವೆ. ಖಿನ್ನತೆ ಇರಬಹುದು. ಮಾತ್ರೆಯ ಡೋಸು ಜಾಸ್ತಿಯಾಗಿ ಮೈ ಬಿಗಿದಿರಬಹುದು. ಸ್ವರ ಇನ್ನೂ ಕೇಳುತ್ತಿದ್ದು ಹೆದರಿ ಹೇಳದೆ ಇರಬಹುದು. ಇವು ಮೂರಕ್ಕೂ ಮದ್ದು ಇದೆ. ಕೈ ನಡುಕ, ಜೊಲ್ಲು ಸುರಿಯುವುದು, ನಡೆಯುವಾಗ ಕೈ ಬೀಸದೆ ಇರುವುದು, ಕೂತಲ್ಲಿ ಕೂರಲಾಗದೆ ಚಡಪಡಿಸುವುದು, ಇವನ್ನು ನೋಡಿ ಬರೆದಿಟ್ಟು ಡಾಕ್ಟರಿಗೆ ಹೇಳಿ.

ಉಪ್ಪಳದವ

ನನಗೆ ಈ ಕಾಯಿಲೆ ಬಂದು ಬಹಳ ವರ್ಷ ಆಯಿತು. ಈಗ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮದುವೆಯಾಗಿದೆ. ಹೆಸರು ಹಾಕುವುದಿಲ್ಲ, ಬೇಸರ ಮಾಡಬೇಡಿ.

ಅಕ್ಕ, ನಿಮ್ಮ ತಮ್ಮ ಒಂದೇ ಶಬ್ದದಲ್ಲಿ ಉತ್ತರ ಕೊಡುತ್ತಾನೆ ಎಂದಿರಿ. ಒಳಗೆ ಹೇಗಿರುತ್ತದೆ ಹೇಳುತ್ತೇನೆ. ಯಾರಾದರೂ ಮಾತಾಡಿದರೆ ಅವರ ವಾಕ್ಯ ಮುಗಿಯುವ ಹೊತ್ತಿಗೆ ಅದರ ಮೊದಲ ಅರ್ಧ ನನ್ನ ಹತ್ತಿರ ಇರುತ್ತಿರಲಿಲ್ಲ. ಉತ್ತರ ಕೊಡಲಿಕ್ಕೆ ಬಾಯಿ ತೆರೆದರೆ ಏನು ಹೇಳಬೇಕೆಂದು ಹೊರಟೆನೋ ಅದೇ ಮಾಯ. ಮನೆಗೆ ನೆಂಟರು ಬಂದು ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಎದ್ದು ಕೋಣೆಗೆ ಹೋಗುತ್ತಿದ್ದೆ. ಅದನ್ನು ಅಹಂಕಾರ ಎಂದುಕೊಂಡರು. "ಹೌದು", "ಬೇಡ" ಎಂಬುದೇ ನನ್ನ ಕೈಲಾಗುವ ಮಾತಾಗಿತ್ತು. ನಿಮ್ಮ ತಮ್ಮನ ಹತ್ತಿರ ಸಣ್ಣ ವಾಕ್ಯದಲ್ಲಿ ಮಾತಾಡಿ. ಒಂದು ಸಲಕ್ಕೆ ಒಂದೇ ವಿಷಯ. ಉತ್ತರಕ್ಕೆ ಕಾಯಿರಿ, ನಡುವೆ ಇನ್ನೊಂದು ಪ್ರಶ್ನೆ ಕೇಳಬೇಡಿ.

ಸ್ವರದ ಬಗ್ಗೆ. ನನಗೆ ಕೇಳುತ್ತಿದ್ದ ಸ್ವರ ತುಳುವಿನಲ್ಲಿ ಮಾತಾಡುತ್ತಿತ್ತು, ತೀರಿಹೋದ ನನ್ನ ಮಾವನ ಹಾಗೆ. ನಾನು ಮಾಡಿದ್ದನ್ನೆಲ್ಲ ಹೇಳುತ್ತಾ ಹೋಗುತ್ತಿತ್ತು. "ಈಗ ಚಪ್ಪಲಿ ಹಾಕಿದ, ಈಗ ಗೇಟು ತೆಗೆದ." ಇದು ಕಲ್ಪನೆ ಅಲ್ಲ, ಕಿವಿಯಲ್ಲಿ ಕೇಳಿದ ಹಾಗೆಯೇ ಇರುತ್ತದೆ. "ಸುಮ್ನೆ ನಿನ್ನ ತಲೆಯಲ್ಲಿ" ಎಂದು ಹೇಳಿದವರ ಮೇಲೆ ನನಗೆ ನಂಬಿಕೆಯೇ ಹೋಗುತ್ತಿತ್ತು. ಆಮೇಲೆ ಒಬ್ಬ ಡಾಕ್ಟರು ಕೂರಿಸಿ ವಿವರಿಸಿದರು. ನಾವೆಲ್ಲರೂ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತೇವೆ. ಮಾತು ಹುಟ್ಟಿಸುವ ಭಾಗ ಮಾತು ಹುಟ್ಟಿಸುವಾಗಲೇ ಕೇಳುವ ಭಾಗಕ್ಕೆ "ಇದು ನನ್ನದೇ, ಗಮನ ಕೊಡಬೇಡ" ಎಂದು ಮುನ್ಸೂಚನೆ ಕಳಿಸುತ್ತದೆ. ಈ ಕಾಯಿಲೆಯಲ್ಲಿ ಆ ಮುನ್ಸೂಚನೆ ಸರಿಯಾಗಿ ತಲುಪುವುದಿಲ್ಲ. ಆಗ ಸ್ವಂತ ಯೋಚನೆಯೇ ಹೊರಗಿನವರ ಸ್ವರವಾಗಿ ಬರುತ್ತದೆ. ಸ್ವರ ಕೇಳುತ್ತಿರುವಾಗಲೇ ಸ್ಕ್ಯಾನ್ ಮಾಡಿ ನೋಡಿದಾಗ, ಮಾತಾಡಲಿಕ್ಕೆ ಬೇಕಾದ ಬ್ರೋಕಾ ಎಂಬ ಭಾಗ ಕೆಲಸ ಮಾಡುತ್ತಿರುವುದು ಕಂಡಿದೆಯಂತೆ. ಅದನ್ನು ಕೇಳಿದ ದಿನ ನನಗೆ ಸಮಾಧಾನ ಆಯಿತು. ನಾನು ಸುಳ್ಳು ಹೇಳುತ್ತಿಲ್ಲ ಎಂದು ಒಬ್ಬರಾದರೂ ಒಪ್ಪಿದರಲ್ಲ.

ಉಪಯೋಗಕ್ಕೆ ಬರುವ ಸಂಗತಿ: ಸ್ವರ ಜೋರಾದಾಗ ನಾನು ಗಟ್ಟಿಯಾಗಿ ಪೇಪರು ಓದುತ್ತಿದ್ದೆ, ಇಲ್ಲವೇ ಗುನುಗುತ್ತಿದ್ದೆ. ಆಗ ಕಡಿಮೆಯಾಗುತ್ತಿತ್ತು. ಕೆಲವರಿಗೆ ಇಯರ್‌ಫೋನ್ ಹಾಕಿ ಪದ್ಯ ಕೇಳಿದರೆ ಆಗುತ್ತದೆ.

ನೀರ್ಚಾಲಿನ ಮಾಷ್ಟ್ರು

ಉಪ್ಪಳದವರೇ, ನೀವು ಬರೆದದ್ದಕ್ಕೆ ದೊಡ್ಡ ನಮಸ್ಕಾರ. ಆ ಮುನ್ಸೂಚನೆಯ ವಿಷಯಕ್ಕೆ ಒಂದು ಚಂದದ ಪ್ರಯೋಗ ಇದೆ. ನಮ್ಮ ಅಂಗೈಗೆ ನಾವೇ ಕಚಗುಳಿ ಇಟ್ಟರೆ ಆಗುವುದಿಲ್ಲ, ಅಲ್ವಾ? ನಮ್ಮ ಕೈ ಏನು ಮಾಡಲಿದೆ ಎಂದು ಮೆದುಳಿಗೆ ಮೊದಲೇ ಗೊತ್ತಿರುತ್ತದೆ. ಸ್ವರ ಕೇಳುವವರಲ್ಲಿ, ತನ್ನ ಕೈಕಾಲನ್ನು ಬೇರೆ ಯಾರೋ ಆಡಿಸುತ್ತಾರೆ ಎನ್ನುವವರಲ್ಲಿ, ತಾವೇ ಮುಟ್ಟಿಕೊಂಡದ್ದಕ್ಕೂ ಬೇರೆಯವರು ಮುಟ್ಟಿದ್ದಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಸಾರಾ ಬ್ಲೇಕ್‌ಮೋರ್ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಪ್ರಕಟಿಸಿದರು.

ಸ್ವರ ಯಾರದ್ದು, ಏನು ಹೇಳುತ್ತದೆ ಎಂಬುದು ಊರಿನ ಮೇಲೂ ಹೋಗುತ್ತದೆ. ಚೆನ್ನೈ, ಘಾನಾದ ಅಕ್ರಾ, ಅಮೆರಿಕದ ಸ್ಯಾನ್ ಮಟೇಯೊ, ಮೂರು ಕಡೆ ತಲಾ 20 ಜನರನ್ನು ಕೇಳಿದ ಅಧ್ಯಯನ ಇದೆ. ಚೆನ್ನೈಯವರು ಜಾಸ್ತಿ ಹೇಳಿದ್ದು ಸಂಬಂಧಿಕರ ಸ್ವರ. ಬುದ್ಧಿ ಹೇಳುವುದು, ಗದರಿಸುವುದು, ಮನೆಕೆಲಸ ಮಾಡು ಎನ್ನುವುದು. ಅಮೆರಿಕದವರಿಗೆ ಹಿಂಸೆಯ ಮಾತುಗಳು ಹೆಚ್ಚು. ನಿಮ್ಮ ಮಾವನ ಸ್ವರ ಓದಿದಾಗ ಅದೇ ನೆನಪಾಯಿತು.

ಈಗ ಅಕ್ಕನ ಮುಖ್ಯ ಪ್ರಶ್ನೆ. ಹಣೆಯ ಹಿಂದಿನ ಭಾಗಕ್ಕೆ ಪ್ರಿಫ್ರಂಟಲ್ ಕಾರ್ಟೆಕ್ಸ್ ಎನ್ನುತ್ತಾರೆ. ಮನಸ್ಸಿನಲ್ಲಿ ಒಂದು ವಿಷಯವನ್ನು ಹಿಡಿದಿಟ್ಟುಕೊಂಡು ಕೆಲಸ ಮಾಡಿಸುವುದು ಅದೇ. ಅಲ್ಲಿ ಡೋಪಮೈನ್ ಜಾಸ್ತಿ ಅಲ್ಲ, ಕಡಿಮೆ ಎಂಬುದಕ್ಕೆ ಪುರಾವೆಗಳಿವೆ. ಒಂದೇ ಮೆದುಳು. ಆಳದಲ್ಲಿ ಹೆಚ್ಚು, ಹಣೆಯ ಹಿಂದೆ ಕಡಿಮೆ. ಮಾತ್ರೆ ತಡೆಯುವುದು ಹೆಚ್ಚಾದದ್ದನ್ನು. ಕಡಿಮೆಯಾದದ್ದನ್ನು ತುಂಬಿಕೊಡುವುದು ಅದರ ಕೈಲಾಗುವುದಿಲ್ಲ. ನಿಮ್ಮ ತಮ್ಮ ಅರ್ಧದಲ್ಲಿ ನಿಂತದ್ದು ಇದರಿಂದ.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗಬೇಕು. ಆಂಫೆಟಮಿನ್ ಎಂಬ ಅಮಲಿನ ವಸ್ತು ಡೋಪಮೈನನ್ನು ಏರಿಸುತ್ತದೆ. ಅದನ್ನು ಜಾಸ್ತಿ ತೆಗೆದುಕೊಂಡವರಿಗೆ ಸಂಶಯ ಬರುತ್ತದೆ, ಸ್ವರ ಕೇಳುತ್ತದೆ. ಆದರೆ ಅವರು ಮಂಕಾಗಿ ಕೂರುವುದಿಲ್ಲ. ಕೆಟಮೈನ್ ಎಂಬ ಅರಿವಳಿಕೆ ಮದ್ದು ಬೇರೆ. 1994ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಅದನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಸಂಶಯ, ವಿಚಿತ್ರ ಅನುಭವ ಎರಡೂ ಬಂತು. ಅದರ ಜೊತೆಗೆ ಭಾವ ಮರಗಟ್ಟಿತು, ಯೋಚನೆ ಚದುರಿತು. ಅಂದರೆ ಕಾಯಿಲೆಯ ಮೂರೂ ಮುಖ ಒಟ್ಟಿಗೆ. ಕೆಟಮೈನ್ ತಡೆಯುವುದು ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ಎನ್‌ಎಂಡಿಎ ಎಂಬ ಗ್ರಾಹಕವನ್ನು. ಮೆದುಳಿನ ಕೋಶಗಳು ಒಂದನ್ನೊಂದು ಚುರುಕುಗೊಳಿಸುವುದು ಮುಖ್ಯವಾಗಿ ಗ್ಲುಟಮೇಟಿನಿಂದಲೇ. ಹಾಗಾಗಿ ಮೂಲ ತೊಂದರೆ ಅಲ್ಲಿದ್ದು, ಡೋಪಮೈನಿನ ಏರುಪೇರು ಅದರಿಂದ ಹುಟ್ಟಿದ್ದು ಎಂದು ಅನೇಕ ಸಂಶೋಧಕರು ಯೋಚಿಸುತ್ತಾರೆ. ನನಗೂ ಅದೇ ಸರಿ ಕಾಣುತ್ತದೆ.

ಹರೆಯದಲ್ಲೇ ಯಾಕೆ ಬರುತ್ತದೆ? ಹುಟ್ಟಿದ ಮಗುವಿನ ಮೆದುಳಿನಲ್ಲಿ ಕೋಶಗಳ ನಡುವಿನ ಕೂಡುಕೊಂಡಿಗಳು ಬೇಕಾದ್ದಕ್ಕಿಂತ ಜಾಸ್ತಿ ಬೆಳೆಯುತ್ತವೆ. ಹರೆಯದಲ್ಲಿ ಬೇಡದ್ದನ್ನು ಮೆದುಳೇ ಕಡಿದು ಹಾಕುತ್ತದೆ. ಕೊನೆಗೆ ಕಡಿಯುವ ಜಾಗ ಹಣೆಯ ಹಿಂದಿನ ಭಾಗ. ಈ ಕಡಿಯುವಿಕೆ ಅತಿಯಾಗುವುದೇ ಕಾಯಿಲೆಗೆ ಕಾರಣ ಇರಬಹುದು ಎಂದು ಅರ್ವಿನ್ ಫೈನ್‌ಬರ್ಗ್ 1982ರಲ್ಲೇ ಬರೆದಿದ್ದರು. 2016ರಲ್ಲಿ ಸಿ4 ಎಂಬ ಜೀನಿನ ಕೆಲವು ರೂಪಗಳು ಕಾಯಿಲೆಯ ಅಪಾಯ ಏರಿಸುತ್ತವೆ ಎಂದು ಗೊತ್ತಾಯಿತು. ಇಲಿಗಳಲ್ಲಿ ನೋಡಿದಾಗ ಕೊಂಡಿ ಕಡಿಯುವ ಕೆಲಸದಲ್ಲಿ ಆ ಜೀನಿನ ಕೈ ಇತ್ತು.

ಪೆರ್ಲದ ಮೆಡಿಕಲ್‌ನವ

ಮಾತ್ರೆ ನಿಲ್ಲಿಸುವ ವಿಷಯಕ್ಕೆ ಬರುತ್ತೇನೆ. ಇದೇ ದೊಡ್ಡ ಅಪಾಯ. ಡಿ2 ಗ್ರಾಹಕಗಳಲ್ಲಿ ಸುಮಾರು ಶೇ 65ರಷ್ಟು ಮುಚ್ಚಿದರೆ ಈ ಮಾತ್ರೆಗಳು ಕೆಲಸ ಮಾಡುತ್ತವೆ. ಶೇ 80 ದಾಟಿದರೆ ಮೈ ಬಿಗಿತ, ನಡುಕ ಶುರು. ಯಾಕೆಂದರೆ ಕೈಕಾಲಿನ ಚಲನೆಯನ್ನು ನೋಡಿಕೊಳ್ಳುವುದೂ ಡೋಪಮೈನೇ. ಮಾತ್ರೆಗೆ ಸ್ವರದ ದಾರಿ ಯಾವುದು, ಚಲನೆಯ ದಾರಿ ಯಾವುದು ಎಂದು ಗೊತ್ತಾಗುವುದಿಲ್ಲ. ಹಾಗೆಯೇ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಹಿಡಿತದಲ್ಲಿಡುವುದೂ ಡೋಪಮೈನ್. ಅದು ತಪ್ಪಿದರೆ ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುತ್ತದೆ. ನಾಚಿಕೆಯಿಂದ ಹೇಳುವುದಿಲ್ಲ, ಮಾತ್ರೆ ಬಿಟ್ಟುಬಿಡುತ್ತಾರೆ. ದಯವಿಟ್ಟು ಹೇಳಿ. ಮಾತ್ರೆ ಬದಲಿಸಲಿಕ್ಕೆ ಆಗುತ್ತದೆ.

65 ಮತ್ತು 80ರ ನಡುವಿನ ಆ ಸಣ್ಣ ಜಾಗದಲ್ಲಿ ಡೋಸು ಹೊಂದಿಸುವುದು ಡಾಕ್ಟರ ಕೆಲಸ. ಮನೆಯಲ್ಲಿ ನಾವೇ ಅರ್ಧ ಮಾತ್ರೆ ಮುರಿದು ಕೊಡುವುದಲ್ಲ. ನಿಲ್ಲಿಸಿದ ಮರುದಿನವೇ ಏನೂ ಆಗುವುದಿಲ್ಲ, ಅದೇ ಮೋಸ. ಮನೆಯವರಿಗೆ ಹುಡುಗ ಚುರುಕಾದ ಹಾಗೆ ಕಾಣುತ್ತದೆ. ವಾರಗಳು, ತಿಂಗಳುಗಳು ಕಳೆದ ಮೇಲೆ ಕಾಯಿಲೆ ಮರುಕಳಿಸುತ್ತದೆ. ಮರುಕಳಿಸಿದಷ್ಟೂ ಮೊದಲಿನ ಸ್ಥಿತಿಗೆ ಬರುವುದು ಕಷ್ಟ. ದಿನಾ ಮಾತ್ರೆ ನುಂಗುವುದು ಕಷ್ಟವಾದರೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಕೇಳಿ ನೋಡಿ. ಎರಡು ಬಗೆಯ ಮಾತ್ರೆ ಸರಿಯಾದ ಡೋಸಿನಲ್ಲಿ ಕೊಟ್ಟೂ ಸ್ವರ ನಿಲ್ಲದವರಿಗೆ ಕ್ಲೋಜಪಿನ್ ಇದೆ. ಅಂಥವರಿಗೆ ಅದರಷ್ಟು ಕೆಲಸ ಮಾಡುವ ಮದ್ದು ಇನ್ನೊಂದಿಲ್ಲ. ಬಿಳಿ ರಕ್ತಕಣ ಕಡಿಮೆಯಾಗುತ್ತದಾ ಎಂದು ಆಗಾಗ ರಕ್ತಪರೀಕ್ಷೆ ಮಾಡಿಸಬೇಕು.

ಕೇರಳ-ಕರ್ನಾಟಕ ಗಡಿಯಲ್ಲಿರುವ ನಮಗೆ ಇನ್ನೊಂದು ಮಾತು. 2020ರ ಲಾಕ್‌ಡೌನಿನಲ್ಲಿ ತಲಪಾಡಿ ದಾರಿ ಮುಚ್ಚಿದಾಗ ಮಂಗಳೂರಿನ ಚೀಟಿ ಹಿಡಿದುಕೊಂಡು ಮಾತ್ರೆಗೆ ಪರದಾಡಿದವರನ್ನು ನೋಡಿದ್ದೇನೆ. ಡಾಕ್ಟರು ಮಂಗಳೂರಿನಲ್ಲೇ ಇರಲಿ, ಆದರೆ ಕಾಸರಗೋಡು ಜಿಲ್ಲೆಯ ಸರಕಾರಿ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲೂ ಹೆಸರು ಬರೆಸಿ ಇಡಿ. ಮಾತ್ರೆಯ ಹೆಸರು, ಡೋಸು ಬರೆದ ಕಾಗದ ಮನೆಯ ಎಲ್ಲರಿಗೂ ಗೊತ್ತಿರಲಿ.

ಮುಳ್ಳೇರಿಯದವ

ಎಲ್ಲ ಸರಿ. ಆದರೆ ನಮ್ಮಲ್ಲಿ ಕೋಲದಲ್ಲಿ ದರ್ಶನ ಬರುತ್ತದೆ, ದೈವ ಮಾತಾಡುತ್ತದೆ. ಅದನ್ನೂ ಮೆದುಳಿನ ಕಾಯಿಲೆ ಎನ್ನುತ್ತೀರಾ? ಪ್ರಶ್ನೆ ಇಡಿಸುವುದರಲ್ಲಿ ಏನು ತಪ್ಪು? ಕುಲೆ (ಸತ್ತವರ ಪ್ರೇತ) ಸೇರಿದ್ದಾದರೆ ಮಾತ್ರೆಯಿಂದ ಹೋಗುತ್ತದಾ?

ಉಪ್ಪಳದವ

ನಮ್ಮ ಮನೆಯಲ್ಲೂ ದೈವ ಉಂಟು. ನಾನು ನಂಬುತ್ತೇನೆ. ದರ್ಶನ ಬರುವವರನ್ನು ನೋಡಿದ್ದೇನೆ. ಅವರಿಗೆ ಬರುವುದು ಕರೆದಾಗ, ಆ ಜಾಗದಲ್ಲಿ, ಆ ಹೊತ್ತಿಗೆ. ಮುಗಿದ ಮೇಲೆ ನೀರು ಕುಡಿದು ಮನೆಗೆ ಹೋಗಿ ಮಾರನೇ ದಿನ ಕೆಲಸಕ್ಕೆ ಹೋಗುತ್ತಾರೆ. ನನ್ನನ್ನು ಯಾರೂ ಕರೆಯಲಿಲ್ಲ. ನನಗೆ ಬಂದದ್ದು ಬಸ್ಸಿನಲ್ಲಿ, ಕಕ್ಕಸಿನಲ್ಲಿ, ರಾತ್ರಿ ಎರಡು ಗಂಟೆಗೆ. ನಿಲ್ಲು ಎಂದರೆ ನಿಲ್ಲಲಿಲ್ಲ. ಕೆಲಸ ಹೋಯಿತು, ಊಟ ಹೋಯಿತು. ಇವೆರಡೂ ಒಂದೇ ಅಲ್ಲ.

ನನ್ನ ಮನೆಯವರು ಪ್ರಶ್ನೆ ಇಡಿಸಿದರು, ಪರಿಹಾರ ಮಾಡಿಸಿದರು. ಅಮ್ಮನಿಗೆ ಧೈರ್ಯ ಬಂತು, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದಾಗುವವರೆಗೆ ಮಾತ್ರೆ ಬೇಡ ಎಂದು ತಡೆದರು. ಆ ಕಾಲ ನನಗೆ ವಾಪಸು ಸಿಗಲಿಲ್ಲ.

ಕುಂಬ್ಳೆ ಸಿಸ್ಟರ್

ಉಪ್ಪಳದ ಅಣ್ಣ ಹೇಳಿದ್ದು ನಿಜ. ಮೊದಲ ಸಲ ಸ್ವರ ಕೇಳಿದಾಗಿನಿಂದ ಚಿಕಿತ್ಸೆ ಶುರುವಾಗುವವರೆಗಿನ ಕಾಲ ಉದ್ದವಾದಷ್ಟೂ ಫಲ ಕಡಿಮೆ. ಇದು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಪೂಜೆ ಮಾಡಿಸಿ, ಹರಕೆ ಹೇಳಿ, ನಾನೂ ಮಧೂರು ದೇವಸ್ಥಾನಕ್ಕೆ ಹೋಗುತ್ತೇನೆ. ಮಾತ್ರೆ ಜೊತೆಗೆ ನಡೆಯಲಿ.

ಕಟ್ಟಿಹಾಕುವುದು ಮಾತ್ರ ಬೇಡವೇ ಬೇಡ. ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟುಕೊಂಡಿದ್ದ ಒಂದು ಕಡೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸಂಕೋಲೆಯಲ್ಲಿದ್ದವರು ಓಡಲಾಗದೆ 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸಂಕೋಲೆ ಹಾಕುವುದನ್ನು ಪೂರ್ತಿ ನಿಷೇಧಿಸಿದೆ.

ಮನೆಯ ಮಾತಿನ ಬಗ್ಗೆಯೂ ಹೇಳಬೇಕು. ದಿನಾ ಬೈಗುಳ, ಟೀಕೆ ಇರುವ ಮನೆಗಳಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ. ಲಂಡನ್ನಿನಲ್ಲೂ ನಮ್ಮ ಚಂಡೀಗಢದಲ್ಲೂ ಇದನ್ನು ಅಧ್ಯಯನ ಮಾಡಿದ್ದಾರೆ. ಒತ್ತಡ ಬಿದ್ದಾಗ ಸ್ಟ್ರಯಾಟಮಿನಲ್ಲಿ ಡೋಪಮೈನ್ ಇನ್ನಷ್ಟು ಏರುತ್ತದೆ. ಅಪ್ಪ ಬೈದ ಬೈಗುಳ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಎಣ್ಮಕಜೆಯವ

ನಮ್ಮ ಕಡೆ ಏನು ಕಾಯಿಲೆಯಾದರೂ ಎಂಡೋಸಲ್ಫಾನ್ ಕೀಟನಾಶಕದಿಂದ ಎನ್ನುತ್ತಾರೆ. ಇದಕ್ಕೂ ಸಂಬಂಧ ಇದೆಯಾ?

ನೀರ್ಚಾಲಿನ ಮಾಷ್ಟ್ರು

ಎಂಡೋಸಲ್ಫಾನ್ ಕೆಡಿಸುವುದು ಗಾಬಾ ಎಂಬ ಶಾಂತಗೊಳಿಸುವ ರಾಸಾಯನಿಕದ ಕೆಲಸವನ್ನು. ಹಾಗಾಗಿ ವಿಷ ಏರಿದಾಗ ಅಪಸ್ಮಾರದ ಹಾಗೆ ಸೆಳೆತ ಬರುತ್ತದೆ. ಸೆಳೆತ ಇದ್ದರೆ, ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನ ಇದ್ದರೆ ಅದು ಬೇರೆ ದಾರಿಯ ತೊಂದರೆ, ಬೇರೆ ಚಿಕಿತ್ಸೆ. ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಿದರೆ ಇಬ್ಬರಿಗೂ ಅನ್ಯಾಯ.

ಹೊಸಂಗಡಿಯ ಅಮ್ಮ

ನನ್ನ ಗಂಡನಿಗೆ ಈ ಕಾಯಿಲೆ ಇದೆ. ಮಗಳು ಒಂಬತ್ತನೇ ಕ್ಲಾಸು. ಅವಳಿಗೂ ಬರುತ್ತದಾ ಎಂದು ರಾತ್ರಿ ನಿದ್ದೆ ಬರುವುದಿಲ್ಲ.

ನೀರ್ಚಾಲಿನ ಮಾಷ್ಟ್ರು

ಅಮ್ಮ, ಧೈರ್ಯ ಮಾಡಿ. ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ನೂರಕ್ಕೆ ಹತ್ತು. ಅಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬರುವುದಿಲ್ಲ. ಒಂದೇ ಜೀನಿನ ಅವಳಿಗಳಲ್ಲಿ ಕೂಡ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೆ ಅರ್ಧದಷ್ಟು ಸಲವೇ ಬರುವುದು. ಒಂದು ಜೀನಿನಿಂದ ಬರುವ ಕಾಯಿಲೆ ಇದಲ್ಲ. 2022ರ ದೊಡ್ಡ ಅಧ್ಯಯನದಲ್ಲಿ ಜೀನ್ ಪಟ್ಟಿಯ 287 ಜಾಗಗಳು ಸಿಕ್ಕವು, ಒಂದೊಂದರ ಪಾಲು ಅತಿ ಸಣ್ಣದು. ನಿಮ್ಮ ಕೈಯಲ್ಲಿರುವುದನ್ನು ಮಾಡಿ. ಮಗಳಿಗೆ ನಿದ್ದೆ ಸಾಕಷ್ಟು ಇರಲಿ. ಗಾಂಜಾದಿಂದ ದೂರ ಇರಬೇಕೆಂದು ಬಿಚ್ಚಿ ಹೇಳಿ. ಹರೆಯದಲ್ಲಿ ಗಾಂಜಾ ಸೇದುವುದು ಈ ಅಪಾಯವನ್ನು ಖಂಡಿತ ಏರಿಸುತ್ತದೆ. ಮಾರ್ಕು ಇದ್ದಕ್ಕಿದ್ದಂತೆ ಇಳಿದರೆ, ಒಬ್ಬಳೇ ಇರತೊಡಗಿದರೆ ಬೈಯದೆ ಬೇಗ ತೋರಿಸಿ.

ಕುಂಬ್ಳೆ ಸಿಸ್ಟರ್

ಹೊಸಂಗಡಿಯ ಅಮ್ಮನಿಗೂ ಬೇರೆಯವರಿಗೂ: 14416ಕ್ಕೆ ಫೋನ್ ಮಾಡಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತದೆ. ಹಣ ಇಲ್ಲ, ಹಗಲು ರಾತ್ರಿ ಇದೆ, ಕನ್ನಡ ಆರಿಸಿಕೊಳ್ಳಬಹುದು. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ವಿಷಯ. ಮಲಯಾಳ ವ್ಯವಹಾರಕ್ಕೆ ಸಾಕು, ಆದರೆ ಕಿವಿಯಲ್ಲಿ ಕೇಳುವ ಸ್ವರವನ್ನು ವಿವರಿಸಲಿಕ್ಕೆ ಮನೆಯ ಮಾತೇ ಬೇಕು. ಡಾಕ್ಟರಿಗೆ ಕನ್ನಡವೋ ತುಳುವೋ ಬಾರದಿದ್ದರೆ ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ರೋಗಿಯ ಒಪ್ಪಿಗೆ ಕೇಳಿಯೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ವೈದ್ಯಕೀಯ ಮಂಡಳಿ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಎಂದು ಬರೆದುಕೊಟ್ಟರೆ ಸರಕಾರದ ಸವಲತ್ತುಗಳಿಗೆ ಅರ್ಜಿ ಹಾಕಬಹುದು.

ಬದಿಯಡ್ಕದ ಅಕ್ಕ

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಎಳೆತ ಹುಟ್ಟುವುದಿಲ್ಲ ಎಂದು ಸಿಸ್ಟರ್ ಬರೆದದ್ದನ್ನು ಎರಡನೇ ಸಲ ಓದಿಸಿದರು. ಏನೂ ಹೇಳಲಿಲ್ಲ. ಸಂಜೆ ತಮ್ಮನನ್ನು ಕರೆದು, ಅಡಿಕೆ ಹೆಕ್ಕಲಿಕ್ಕೆ ಒಟ್ಟಿಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತು ಹೆಕ್ಕಿದ.

ಮುಂದಿನ ಸಲ ಡಾಕ್ಟರ ಹತ್ತಿರ ಕೇಳಲಿಕ್ಕೆ ಬರೆದಿಟ್ಟಿದ್ದೇನೆ. ಡೋಸು ಜಾಸ್ತಿಯಾ, ನಡೆಯುವಾಗ ಅವನ ಎಡಗೈ ಬೀಸುವುದಿಲ್ಲ. ಖಿನ್ನತೆ ಇದೆಯಾ. ಗಮನ, ನೆನಪಿಗೆ ತರಬೇತಿ ಕೊಡುವವರು ಹತ್ತಿರ ಎಲ್ಲಿದ್ದಾರೆ. ದೊಡ್ಡಪ್ಪನಿಗೆ ಉಪ್ಪಳದ ಅಣ್ಣ ಬರೆದದ್ದನ್ನು ಕಳಿಸಿದ್ದೇನೆ. ಇನ್ನೊಂದು ಕೇಳಲಿಕ್ಕಿದೆ. ತಮ್ಮ ಬೀಡಿ ಸೇದುತ್ತಾನೆ, ಮೊದಲಿಗಿಂತ ಜಾಸ್ತಿ. ಒಮ್ಮೆಲೇ ಬಿಡಿಸಿದರೆ ತೊಂದರೆಯಾ? ಒಲಾಂಜಪಿನ್ ಕೊಡುತ್ತಿದ್ದಾರೆ.

ಪೆರ್ಲದ ಮೆಡಿಕಲ್‌ನವ

ಒಳ್ಳೆಯದಾಯಿತು ಕೇಳಿದ್ದು. ಬೀಡಿ ಬಿಡಬೇಕು, ಆದರೆ ಡಾಕ್ಟರಿಗೆ ಮೊದಲೇ ಹೇಳಿ ಬಿಡಿಸಿ. ಹೊಗೆಯಲ್ಲಿರುವ ವಸ್ತುಗಳು ಲಿವರಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಆ ಕಿಣ್ವ ಒಲಾಂಜಪಿನ್, ಕ್ಲೋಜಪಿನ್ ಎರಡನ್ನೂ ಬೇಗ ಒಡೆದುಹಾಕುತ್ತದೆ. ಹಾಗಾಗಿ ಸೇದುವವರ ರಕ್ತದಲ್ಲಿ ಮದ್ದು ಕಡಿಮೆ ಇರುತ್ತದೆ. ಒಮ್ಮೆಲೇ ಬಿಟ್ಟರೆ ಅದೇ ಡೋಸಿಗೆ ರಕ್ತದಲ್ಲಿ ಮದ್ದು ಏರುತ್ತದೆ, ತೂಕಡಿಕೆ ಜಾಸ್ತಿಯಾಗುತ್ತದೆ. ಕ್ಲೋಜಪಿನ್‌ನಲ್ಲಂತೂ ಇದು ಅಪಾಯಕ್ಕೂ ಹೋಗಬಹುದು. ಇದು ನಿಕೋಟಿನಿನಿಂದ ಅಲ್ಲ, ಹೊಗೆಯಿಂದ. ಬೀಡಿ ಬಿಟ್ಟು ನಿಕೋಟಿನ್ ಗಮ್ ಹಾಕಿಕೊಂಡರೂ ಇದೇ ಆಗುತ್ತದೆ. ಡಾಕ್ಟರು ಬೇಕಾದರೆ ಡೋಸು ಇಳಿಸುತ್ತಾರೆ. ದಿನಕ್ಕೆ ಎಷ್ಟು ಬೀಡಿ ಎಂಬುದನ್ನೂ ನಿಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಿ.